ಊಟಕ್ಕೆ ಒಳಗೆ ಬಾರದ ಅಭ್ಯರ್ಥಿ

ಕಳೆದ ವಸಂತದಲ್ಲಿ ಗೆಳತಿಯೊಬ್ಬಳ ಮಗಳ ಗೃಹಪ್ರವೇಶಕ್ಕೆಂದು ಲೀಡ್ಸಿಗೆ ಹೋಗಿದ್ದೆ. ಬಸ್ಸು ನಾವು ಹಿಂದೆ ಇದ್ದ ಹೆಡಿಂಗ್ಲೀ ದಾಟುವಾಗ ಯಾಕೋ ಮನಸ್ಸು ತಡೆಯಲಿಲ್ಲ, ನಾನು ಇಳಿಯಬೇಕಾದ ಸ್ಟಾಪು ಬರುವ ಮೊದಲೇ ಇಳಿದುಬಿಟ್ಟೆ. ಹನಿಮಳೆ. ಒಂದಕ್ಕೊಂದು ಆತುಕೊಂಡು ನಿಂತ ಅದೇ ಇಟ್ಟಿಗೆಯ ಸಾಲುಮನೆಗಳು, ಅದೇ ಕಸದ ಡಬ್ಬಿಗಳು, ವಿದ್ಯಾರ್ಥಿಗಳು ಹೊರಗೆಳೆದು ಮಳೆಗೆ ಬಿಟ್ಟ ಅದೇ ತರಹದ ಹಳೆಯ ಸೋಫಾ. ನಾವು ಬಾಡಿಗೆಗಿದ್ದ ಮನೆಯ ಬಾಗಿಲಿಗೆ ಈಗ ಯಾರೋ ಹಳದಿ ಬಣ್ಣ ಹೊಡೆಸಿದ್ದಾರೆ. ಅದನ್ನು ನೋಡುತ್ತ ನಿಂತಿದ್ದಾಗ ಒಬ್ಬ ಹುಡುಗಿ ಚುನಾವಣೆಯ ಕರಪತ್ರವೊಂದನ್ನು ಕೈಗೆ ತುರುಕಿದಳು. ನಾನು ಈ ಊರಿನವಳಲ್ಲ ಕಣಮ್ಮಾ ಅಂದರೂ ಬಿಡಲಿಲ್ಲ. ಮಳೆಗೆ ನೆನೆದು ಮೆತ್ತಗಾದ ಕಾಗದ, ಅದರ ಮೇಲಿನ ಮಸಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ಸಾವಿರದ ಎರಡನೇ ಇಸವಿಯ ಆ ವಸಂತ ಕಣ್ಣ ಮುಂದೆ ಬಂತು.

ಆ ವರ್ಷ ಅಂದರೆ ನನಗೆ ಸೊಲಾಂಜ್. ನಮ್ಮ ಪಕ್ಕದ ಮನೆಯವರು. ಫ್ರಾನ್ಸಿನವರು, ಲೀಡ್ಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಊರುಗಳು ತಮ್ಮನ್ನು ತಾವು ಹೇಗೆ ಆಳಿಕೊಳ್ಳುತ್ತವೆ ಎಂಬುದೇ ಅವರ ವಿಷಯ. ಆಮೇಲೆ ಇದೇ ಬೀದಿಗಳಿಂದ ನಗರಸಭೆಗೆ ಕೌನ್ಸಿಲರ್ ಆದರು. ಕೆಲವು ವರ್ಷ ಕಳೆದು ತಮ್ಮ ದೇಶಕ್ಕೆ ಮರಳಿ, ನದಿದಂಡೆಯ ತಮ್ಮ ಹುಟ್ಟೂರಿಗೆ ಮೇಯರ್ ಆದರು, ಕೊನೆಗೆ ಪ್ಯಾರಿಸ್ಸಿನ ಪಾರ್ಲಿಮೆಂಟಿಗೂ ಹೋದರು. ಎದೆಗೆ ಅಡ್ಡಲಾಗಿ ಆ ದೇಶದ ಬಾವುಟದ ಮೂರು ಬಣ್ಣದ ಪಟ್ಟಿ ಧರಿಸಿದ ಅವರ ಫೋಟೋವನ್ನು ಮಕ್ಕಳಿಗೆ ತೋರಿಸಿ, ಈಕೆಯನ್ನು ಮೊದಲು ಗೆಲ್ಲಿಸಿದವಳು ನಿಮ್ಮವ್ವ ಎಂದು ಜಂಬ ಕೊಚ್ಚಿಕೊಂಡಿದ್ದೇನೆ. ಮಕ್ಕಳು "ಅಮ್ಮಾ, ಸ್ಟಾಪ್ ಇಟ್" ಅನ್ನುತ್ತಾರೆ. ನಂಬದಿದ್ದರೆ ಬಿಡಲಿ.

ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು. ಧಾರವಾಡದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ಮತದಾನದ ಹಕ್ಕು, ಗುಪ್ತ ಮತದಾನ, ಪ್ರಜೆಯ ಕರ್ತವ್ಯ ಇವನ್ನೆಲ್ಲ ವರ್ಷ ವರ್ಷ ಬೋರ್ಡಿನ ಮೇಲೆ ಬರೆದವಳು. ಆದರೆ ನಾನೇ ಒಮ್ಮೆಯೂ ಮತ ಹಾಕಿರಲಿಲ್ಲ. ನಗಬೇಡಿ. ಚುನಾವಣೆ ಬಂತೆಂದರೆ ಕಾಲೇಜಿನ ಮೇಷ್ಟ್ರುಗಳಿಗೆಲ್ಲ ಮತಗಟ್ಟೆಯ ಡ್ಯೂಟಿ. ನನ್ನ ಪಾಲಿಗೆ ಯಾವಾಗಲೂ ಶಾಯಿ ಹಚ್ಚುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಊರವರ ಬೆರಳು ಹಿಡಿದು ಶಾಯಿ ಹಚ್ಚಿ ಒಳಗೆ ಕಳಿಸುವುದು. ನಮ್ಮಂಥವರಿಗೆ ಅಂಚೆಯಲ್ಲಿ ಮತ ಹಾಕುವ ಏರ್ಪಾಡು ಇತ್ತು ನಿಜ, ಆದರೆ ನನ್ನ ಮತಪತ್ರ ಒಂದು ಸಲ ತಡವಾಗಿ ಬಂತು, ಇನ್ನೊಂದು ಸಲ ಬರಲೇ ಇಲ್ಲ. ಕೈಯೆಲ್ಲ ಶಾಯಿ, ಹಾಕಿದ ಮತ ಮಾತ್ರ ಒಂದೂ ಇಲ್ಲ. ಅಷ್ಟರಲ್ಲಿ ಮದುವೆ, ಡಾಕ್ಟರಾದ ಗಂಡನಿಗೆ ಲೀಡ್ಸಿನ ಆಸ್ಪತ್ರೆಯಲ್ಲಿ ಕೆಲಸ. ಕೆಲಸ ಬಿಟ್ಟು ಬೆನ್ನಿಗೆ ಬಂದೆ.

ಮೊದಲ ಚಳಿಗಾಲ ಯಾರಿಗೂ ಬೇಡ. ಮಧ್ಯಾಹ್ನದ ಚಹಾ ಕುಡಿದು ಏಳುವಷ್ಟರಲ್ಲಿ ಕತ್ತಲು. ನಮ್ಮವರ ರೋಟಾ, ಅಂದರೆ ಡ್ಯೂಟಿಯ ಪಾಳಿ, ಯಾವಾಗ ಹಗಲು, ಯಾವಾಗ ರಾತ್ರಿ ಎಂಬುದು ಅವರಿಗೇ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ನಮ್ಮ ಬೀದಿಯ ಮೂಲಕ ಆಸ್ಪತ್ರೆಗೆ ಹೋಗುತ್ತಿದ್ದ ಬೆಳಗಿನ ಬಸ್ಸನ್ನು ಆ ವರ್ಷ ನಿಲ್ಲಿಸಿದ್ದರು. ನರ್ಸುಗಳು, ಕಸ ಗುಡಿಸುವವರು, ನಮ್ಮವರಂಥ ಕಿರಿಯ ಡಾಕ್ಟರುಗಳು ಎಲ್ಲರೂ ಆ ಚಳಿಯಲ್ಲಿ ನಡೆದೇ ಹೋಗಬೇಕಿತ್ತು. ನಾನು ದಿನವಿಡೀ ಕಿಟಕಿಯ ಬಳಿ ಕೂತು ನನ್ನೊಂದಿಗೇ ಮಾತಾಡಿಕೊಳ್ಳುವ ಹಂತಕ್ಕೆ ಬಂದಿದ್ದೆ.

ಜನವರಿಯ ಒಂದು ಮಧ್ಯಾಹ್ನ ಸೊಲಾಂಜ್ ಬಾಗಿಲು ತಟ್ಟಿದರು. ಉದ್ದ ದೇಹ, ಕತ್ತರಿಸಿದ ಬಿಳಿಗೂದಲು, ಮೈತುಂಬ ಮಳೆಯಂಗಿ. ಅಷ್ಟರವರೆಗೆ ಕಸದ ಡಬ್ಬಿ ಇಡುವಾಗ ಮಾತ್ರ ಪರಸ್ಪರ ತಲೆಯಾಡಿಸುತ್ತಿದ್ದೆವು. ಅಡುಗೆಮನೆಗೆ ಕರೆದು ಚಹಾ ಕೊಟ್ಟೆ. ಮೇ ತಿಂಗಳ ಕೌನ್ಸಿಲ್ ಚುನಾವಣೆಗೆ ನಿಲ್ಲುತ್ತಿದ್ದೇನೆ ಎಂದರು. ಪಕ್ಷ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ, ಆ ಪಕ್ಷದ ಬಗ್ಗೆ ಈಗ ನನಗೇ ಸಮಾಧಾನವಿಲ್ಲ.

"ಈ ಮನೆಯಲ್ಲಿ ಎಷ್ಟು ವೋಟು?" ಎಂದು ಕೇಳಿದರು.

"ಒಂದೂ ಇಲ್ಲ. ನಾವು ಇಂಡಿಯಾದವರು."

"ಗೊತ್ತು. ಅದಕ್ಕೇ ಕೇಳಿದೆ," ಎಂದು ನಕ್ಕರು. "ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸವಾಗಿದ್ದರೆ ಸಾಕು, ಎಲ್ಲ ಚುನಾವಣೆಗೂ ವೋಟು ಹಾಕಬಹುದು. ನನ್ನ ಅವಸ್ಥೆ ಕೇಳು. ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದೇನೆ, ಕೌನ್ಸಿಲಿಗೆ ನಿಲ್ಲಬಹುದು, ಕೌನ್ಸಿಲಿಗೆ ವೋಟು ಹಾಕಬಹುದು. ಯುರೋಪಿಯನ್ ಒಕ್ಕೂಟದವಳಾದ್ದರಿಂದ ಪಾರ್ಲಿಮೆಂಟಿಗೆ ಮಾತ್ರ ಇಲ್ಲ. ನೀನು ಬಂದು ಆರು ತಿಂಗಳೂ ಆಗಿಲ್ಲ, ಎರಡಕ್ಕೂ ಹಾಕಬಹುದು."

ನನ್ನ ಮುಖ ಕೆಂಪಾಗಿರಬೇಕು. ಕಾಮನ್‌ವೆಲ್ತ್ ಎಂಬ ಪಾಠವನ್ನು ಪ್ರತಿ ವರ್ಷ ಮಾಡಿದವಳು ನಾನು. ಅದು ನನ್ನ ಅಡುಗೆಮನೆಯವರೆಗೆ ಬರುತ್ತದೆ ಎಂದು ಮಾತ್ರ ಯಾವತ್ತೂ ಅನ್ನಿಸಿರಲಿಲ್ಲ. ಶಾಯಿಯ ಕಥೆಯನ್ನು ಅವರಿಗೆ ಹೇಳಿದೆ. ಅವರು ನಗಲಿಲ್ಲ. ಲೋಟ ಕೆಳಗಿಟ್ಟು, "ಒಮ್ಮೆಯೂ ಇಲ್ಲವಾ?" ಎಂದು ಎರಡು ಸಲ ಕೇಳಿದರು.

ನೀವ್ಯಾಕೆ ನಿಲ್ಲುತ್ತಿದ್ದೀರಿ ಎಂದು ನಾನೂ ಕೇಳಿದೆ. ಒಬ್ಬ ವಿದ್ಯಾರ್ಥಿ ಕ್ಲಾಸಿನಲ್ಲಿ ಎದ್ದು ನಿಂತು, ಮೇಡಂ, ಇಷ್ಟೆಲ್ಲ ಹೇಳುತ್ತೀರಲ್ಲ, ಯಾವುದಾದರೂ ಊರಿನ ಸಭೆಯಲ್ಲಿ ನೀವು ಕೂತಿದ್ದೀರಾ ಎಂದು ಕೇಳಿದನಂತೆ. ಅದಕ್ಕೇ ವಿಶ್ವವಿದ್ಯಾಲಯದ ಕೆಲಸವನ್ನು ಅರ್ಧ ಮಾಡಿಸಿಕೊಂಡು ಈಗ ಬೀದಿಗಿಳಿದಿದ್ದಾರೆ. "ಗೆದ್ದರೆ ಇಲ್ಲೇ ಇರುತ್ತೇನೆ. ಇಷ್ಟು ವರ್ಷ ಬದುಕಿದ ಊರು ನನ್ನನ್ನು 'ನೀನು ಬೇಡ' ಅಂದರೆ ಮನೆ ಮಾರಿ ಹೊರಡುತ್ತೇನೆ. ಅಕ್ಕನಿಗೆ ಹೇಳಿಟ್ಟಿದ್ದೇನೆ, ರೂಮು ಖಾಲಿ ಇಟ್ಟಿದ್ದಾಳೆ," ಎಂದರು. ಹವಾಮಾನದ ಮಾತು ಆಡಿದಷ್ಟು ಸಲೀಸಾಗಿ ಹೇಳಿದರೂ, ಹೇಳಿದ ಮೇಲೆ ಕಿಟಕಿಯತ್ತ ತಿರುಗಿದರು.

ಸಂಜೆ ನಮ್ಮವರಿಗೆ ಹೇಳಿದೆ. ಬೂಟು ಬಿಚ್ಚುತ್ತಿದ್ದವರು ಅಲ್ಲೇ ಕೈ ನಿಲ್ಲಿಸಿದರು.

"ಶೈಲಾ, ನಾವು ಹೊರಗಿಂದ ಬಂದವರು. ಆಗಸ್ಟಿಗೆ ಈ ಪೋಸ್ಟಿಂಗ್ ಮುಗೀತದ, ಮುಂದಿಂದು ಇನ್ನೂ ಗೊತ್ತಿಲ್ಲ. ಯಾರರೆ ಒಂದು ಕಂಪ್ಲೇಂಟ್ ಕೊಟ್ರ ವೀಸಾಕ್ಕ ಕುತ್ತು ಬರ್ತದ. ನಮಗ್ಯಾಕ ಬೇಕು ಇವರ ರಾಜಕೀಯ?"

"ರೀ, ಇಷ್ಟು ವರ್ಷ ಮಂದಿ ಬೆರಳಿಗೆ ಶಾಯಿ ಹಚ್ಚೀನಿ. ಒಮ್ಮೆರೆ ನಾ ವೋಟು ಹಾಕಬಾರದೇನು?"

ಅವರು ಬೂಟು ಬಿಚ್ಚಿಟ್ಟು ಒಳಗೆ ಹೋದರು. ಎರಡು ದಿನ ನಮ್ಮ ಮನೆಯಲ್ಲಿ ಉಪ್ಪು ಕಡಿಮೆಯಾಗಿದೆ, ಹಾಲು ತರಬೇಕು ಎಂಬಷ್ಟೇ ಮಾತು. ಮೂರನೆಯ ದಿನ ಮತದಾರರಾಗಿ ಹೆಸರು ಬರೆಸುವ ಅರ್ಜಿಗೆ ನಾನು ಸಹಿ ಹಾಕಿದೆ. ಪಕ್ಕದಲ್ಲಿ ಅವರ ಜಾಗ ಖಾಲಿ ಇತ್ತು. ಪೆನ್ನು ಅಲ್ಲೇ ಇಟ್ಟು ರೊಟ್ಟಿ ಬಡಿಯಲು ಹೋದೆ. ತಿರುಗಿ ಬಂದಾಗ ಅವರ ಸಹಿಯೂ ಬಿದ್ದಿತ್ತು. "ಹೆಸರು ಬರಸೀನಿ ಅಷ್ಟ. ಹಾಕ್ತೀನಿ ಅಂದಿಲ್ಲ," ಅಂದರು.

ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ಸೊಲಾಂಜ್ ಜೊತೆ ಮನೆಮನೆ ತಿರುಗಿದೆ. ಅಲ್ಲಿಯ ಪ್ರಚಾರ ನಮ್ಮದರ ಹಾಗಲ್ಲ. ಮೈಕಿಲ್ಲ, ಜೀಪಿಲ್ಲ, ಹಾರವಿಲ್ಲ. ಬಾಗಿಲು ತಟ್ಟಿ, ಕ್ಷಮೆ ಕೇಳಿ, ಕರಪತ್ರ ಕೊಟ್ಟು, ಮತ್ತೆ ಕ್ಷಮೆ ಕೇಳಿ ಬರುವುದು. ಬಾಗಿಲು ತೆರೆಯದಿದ್ದರೆ ಕಾಗದ ಹಾಕುವ ಕಂಡಿಯೊಳಗೆ ತೂರಿಸುವುದು. ಆ ಕಂಡಿಗೆ ಒಳಗಡೆ ಗಟ್ಟಿ ಬ್ರಷ್ಷು, ಅದರ ಹಿಂದೆ ಎಷ್ಟೋ ಕಡೆ ನಾಯಿ. ನನ್ನ ಕೈಗವಸಿನ ಎರಡು ಬೆರಳು ಒಂದು ಕರಿನಾಯಿಯ ಪಾಲಾದವು. ಒಂದು ಮನೆಯಲ್ಲಿ ಗಂಡಸೊಬ್ಬ ಸೊಲಾಂಜ್ ಮಾತು ಕೇಳಿ, ಮೊದಲು ಇಂಗ್ಲಿಷ್ ಸರಿಯಾಗಿ ಕಲಿತು ಬಾ ಎಂದ. ನನಗೆ ಮೈ ಉರಿಯಿತು. ಸೊಲಾಂಜ್ ಮಾತ್ರ, "ಕಲಿಯುತ್ತಲೇ ಇದ್ದೇನೆ. ಬೆಳಗಿನ ಬಸ್ಸು ನಿಂತದ್ದರಿಂದ ನಿಮಗೇನು ತೊಂದರೆ ಆಯಿತು, ಅದನ್ನು ಹೇಳಿ," ಎಂದರು. ಅವನ ಹೆಂಡತಿ ಆಸ್ಪತ್ರೆಯ ಅಡುಗೆಯವಳು. ಹತ್ತು ನಿಮಿಷ ಬಾಗಿಲಲ್ಲೇ ನಿಲ್ಲಿಸಿಕೊಂಡು ಬಸ್ಸಿನವರನ್ನೆಲ್ಲ ಬೈದ. ಗೇಟು ದಾಟಿದ ಮೇಲೆ ಸೊಲಾಂಜ್ ಒಂದು ಸಿಗರೇಟು ಸುತ್ತಿಕೊಂಡರು. ಅರ್ಧ ತಂಬಾಕು ನೆಲಕ್ಕೆ ಚೆಲ್ಲಿತ್ತು, ನಾನು ನೋಡದ ಹಾಗೆ ಮಾಡಿದೆ.

ಹೊರಗಿನವರಿಗಿಂತ ಕಷ್ಟವಾದದ್ದು ನಮ್ಮ ಊರ ಕಡೆಯವರೇ. ಸುತ್ತಮುತ್ತ ಐದಾರು ಕನ್ನಡದ ಮನೆಗಳಿದ್ದವು. ಹುಬ್ಬಳ್ಳಿ, ಬೆಳಗಾವಿ ಕಡೆಯ ಡಾಕ್ಟರುಗಳು, ಬೆಂಗಳೂರಿನ ಒಂದಿಬ್ಬರು ಸಾಫ್ಟ್‌ವೇರಿನವರು. ನನ್ನ ಒತ್ತಾಯಕ್ಕೆ ಹೆಸರೇನೋ ಬರೆಸಿದ್ದರು, ಅಲ್ಲಿಗೆ ಮುಗಿಯಿತು. ಮುರಳಿ ಎಂಬ ಬೆಂಗಳೂರಿನ ಹುಡುಗ, "ಅಕ್ಕಾ, ನಾನು ಪ್ರಾಜೆಕ್ಟ್ ಮುಗಿದ್ರೆ ಡರ್ಬಿಗೋ ಎಲ್ಲಿಗೋ ಹೋಗೋನು. ಇಲ್ಲಿ ಯಾರು ಗೆದ್ರೆ ನಂಗೇನು, ಕೌನ್ಸಿಲ್ ಟ್ಯಾಕ್ಸ್ ಕಮ್ಮಿ ಆಗತ್ತಾ?" ಅಂದ. ಅವನ ಮಾತಲ್ಲಿ ತಪ್ಪೂ ಇರಲಿಲ್ಲ.

ಗಿರಿಜಕ್ಕ ನಮ್ಮೆಲ್ಲರಿಗೂ ಹಿರಿಯರು. ಬಿಜಾಪುರದವರು, ಗಂಡ ದೊಡ್ಡ ಡಾಕ್ಟರು, ಲೀಡ್ಸಿಗೆ ಬಂದು ಆಗಲೇ ಬಹಳ ವರ್ಷವಾಗಿತ್ತು. ಈ ಊರಿನಲ್ಲಿ ಎಂದೂ ಮತ ಹಾಕಿದವರಲ್ಲ. "ಹಿಂಗ ಬಾಗಲದಾಗ ನಿಂತು ಕೇಳಿದ್ರ ಯಾರು ಕೇಳ್ತಾರ ನಿನ್ನ ಮಾತು?" ಎಂದರು. "ಯುಗಾದಿ ಈ ಸಲ ಶನಿವಾರ ಬಂದದ. ಎಲ್ಲಾರನೂ ಉಣ್ಣಾಕ ಕರಿ. ಆಕಿನೂ ಬಂದು ಕುಂಡ್ರಲಿ. ಉಂಡ ಮ್ಯಾಲ ಮಂದಿ ತಾವ ಕೇಳ್ತಾರ."

ಎಷ್ಟು ಸರಿಯಾದ ಮಾತು ಅನ್ನಿಸಿತು. ಹೇರ್‌ಹಿಲ್ಸ್‌ನ ಇಂಡಿಯನ್ ಅಂಗಡಿಯಿಂದ ಕಡಲೆಬೇಳೆ, ಬೆಲ್ಲ ತಂದೆ. ಹಿಂದಿನ ದಿನವಿಡೀ ಗಿರಿಜಕ್ಕ ಹೂರಣ ಅರೆದರು, ನಾನು ಲಟ್ಟಿಸಿದೆ. ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ. ಬೇವಿನ ಹೂ ಮಾತ್ರ ಸಿಗಲಿಲ್ಲ, ಒಣಗಿದ ಎಲೆಯ ಪುಡಿಯಲ್ಲೇ ಸುಧಾರಿಸಿದೆವು. ಸೊಲಾಂಜ್‌ಗೆ, ನಮ್ಮ ಹೊಸ ವರ್ಷ, ಎಲ್ಲರೂ ಬರುತ್ತಾರೆ, ನೀವು ಬಂದು ನಾಲ್ಕು ಮಾತಾಡಿ ಎಂದಷ್ಟೇ ಹೇಳಿದ್ದೆ. ಅವರು ಚಹಾ, ಬಿಸ್ಕತ್ತು ಎಂದುಕೊಂಡಿದ್ದರಂತೆ. ಅವರ ದೇಶದಲ್ಲಾಗಲಿ ಈ ದೇಶದಲ್ಲಾಗಲಿ ನಾಲ್ಕು ಮಾತಿಗೆ ಯಾರೂ ಹೋಳಿಗೆ ಮಾಡುವುದಿಲ್ಲ.

ಶನಿವಾರ ಮಧ್ಯಾಹ್ನ ಮುಂದಿನ ಕೋಣೆಯ ಸೋಫಾ ಸರಿಸಿ, ನೆಲದ ಮೇಲೆ ಎರಡು ಸಾಲು ಎಲೆ ಹಾಕಿದ್ದೆವು. ಕಾಗದದ ಎಲೆಗಳೇ. ಎಲ್ಲರೂ ಕೂತಿದ್ದರು, ಮಕ್ಕಳಿಗೆ ಆಗಲೇ ಹಸಿವು. ಆಗ ಸೊಲಾಂಜ್ ಬಂದರು. ಜೊತೆಗೆ ಡೆರಿಕ್. ಡೆರಿಕ್ ಅವರ ಚುನಾವಣಾ ಏಜೆಂಟು, ನಿವೃತ್ತ ಹೆಡ್‌ಮಾಸ್ತರು, ಕಾನೂನಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಉಳಿದ ಯಾರ್ಕ್‌ಷೈರಿನವರ ಹಾಗೆಯೇ ಅವರೂ ಕಂಡವರನ್ನೆಲ್ಲ 'ಲವ್' ಎಂದು ಕರೆಯುವವರು. ಮೊದಲ ಸಲ ಬಸ್ಸಿನ ಡ್ರೈವರು ನನ್ನನ್ನು ಹಾಗೆ ಕರೆದಾಗ ನಾನು ಒಂದು ವಾರ ಅವನ ಬಸ್ಸು ಹತ್ತಿರಲಿಲ್ಲ.

ಡೆರಿಕ್ ಹೊಸ್ತಿಲಲ್ಲೇ ನಿಂತರು. ತುಪ್ಪದ ವಾಸನೆ ಮೂಗಿಗೆ ಹೋಯಿತು, ಸಾಲು ಎಲೆ ಕಣ್ಣಿಗೆ ಬಿತ್ತು. ಸೊಲಾಂಜ್ ತೋಳು ಹಿಡಿದು ಹಿಂದೆಳೆದರು.

"ಲವ್, ಇದು ಊಟ," ಎಂದರು ನನಗೆ.

"ಹೌದು, ಬನ್ನಿ."

"ಈ ಊಟ ಅಭ್ಯರ್ಥಿಗೋಸ್ಕರ ಕರೆದದ್ದು ಅಂತ ಇವರಿಗೆಲ್ಲ ಗೊತ್ತಾ?"

"ಗೊತ್ತು, ಅದಕ್ಕೇ ಬಂದಿದ್ದಾರೆ," ಎಂದೆ ಹೆಮ್ಮೆಯಿಂದ.

ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ವಿವರಿಸಿದರು. ಮತದಾರರಿಗೆ ಊಟ ಹಾಕಿ ಒಲಿಸಿಕೊಳ್ಳುವುದು ಈ ದೇಶದಲ್ಲಿ ಬಹಳ ಹಳೆಯ ಅಪರಾಧ. ಚಹಾ ಬಿಸ್ಕತ್ತಿಗೆ ಯಾರೂ ಏನೂ ಅನ್ನುವುದಿಲ್ಲ. ಇದು ಮದುವೆಯ ಊಟ. ಎದುರಾಳಿಗಳು ಒಂದು ದೂರು ಕೊಟ್ಟರೆ ಗೆದ್ದ ಸೀಟೂ ಹೋಗುತ್ತದೆ, ಸೊಲಾಂಜ್ ಮತ್ತೆ ನಿಲ್ಲುವ ಹಾಗೂ ಇರುವುದಿಲ್ಲ.

ಇದು ನನಗೆ ಗೊತ್ತಿಲ್ಲದ ಕಾನೂನೇ? ಚುನಾವಣೆಯ ಹಿಂದಿನ ದಿನ ಬಿರಿಯಾನಿ ಹಂಚುವವರ ಬಗ್ಗೆ ಡ್ಯೂಟಿಯ ತರಬೇತಿಯಲ್ಲಿ ಗಂಟೆಗಟ್ಟಲೆ ಕೇಳಿದವಳು ನಾನು. ಬಿರಿಯಾನಿ ಲಂಚ ಎಂಬುದು ಗೊತ್ತಿತ್ತು, ಹಬ್ಬದ ಹೋಳಿಗೆಯೂ ಲಂಚವಾದೀತು ಎಂದು ಮಾತ್ರ ಹೊಳೆದಿರಲಿಲ್ಲ. ಮನೆಗೆ ಕರೆದು ಉಣಿಸದೆ ಕಳಿಸುವುದೇ ತಪ್ಪು ಎಂದು ಕಲಿತು ಬೆಳೆದವರಿಗೆ ಉಣಿಸುವುದು ತಪ್ಪು ಎಂದು ಹೊಳೆಯುವುದಾದರೂ ಹೇಗೆ? ಒಳಗೆ ಎಲೆಯ ಮುಂದೆ ಜನ, ಹೊರಗೆ ಸೊಲಾಂಜ್, ನಡುವೆ ನಾನು. ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಹೇಳಿದ್ದೆನಲ್ಲ ಎಂದು ಅವರು ಅನ್ನಲಿಲ್ಲ. ಅದಕ್ಕೆ ಈಗಲೂ ಋಣಿ.

ಡೆರಿಕ್, ಊಟವನ್ನು ನಾಳೆಗೆ ಹಾಕಿ ಎಂದರು. ಗಿರಿಜಕ್ಕನಿಗೆ ನಾನು ಕನ್ನಡದಲ್ಲಿ ಹೇಳಿದೆ.

"ಹಬ್ಬದ ದಿನ ಎಲಿ ಮುಂದ ಕುಂತವರನ್ನ ಎಬ್ಬಸ್ತಾರೇನು? ಆ ಮನಷಾಗ ಬುದ್ಧಿ ಅದ ಏನಿಲ್ಲ?"

ಸೊಲಾಂಜ್‌ಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. "ಯಾರನ್ನೂ ಎಬ್ಬಿಸಬೇಡಿ. ನಾನು ಹೋಗುತ್ತೇನೆ. ಹಬ್ಬ ಮಾಡಿ," ಎಂದು ತಿರುಗಿಯೇಬಿಟ್ಟರು. ಅವರು ಹೋದರೆ ಇಷ್ಟು ಜನ ಮತ್ತೆ ಒಂದು ಕಡೆ ಸೇರುವುದು ಚುನಾವಣೆ ಮುಗಿದ ಮೇಲೆಯೇ. ಅವರು ಗೇಟಿನವರೆಗೆ ಹೋಗಿರಬೇಕು, ಮುರಳಿ ಎಲೆ ಬಿಟ್ಟು ಎದ್ದು ಬಂದ.

"ಸಾರ್, ಹೊರಗೆ ರಸ್ತೇಲಿ ನಿಂತ್ಕೊಂಡು ಮಾತಾಡಿದ್ರೆ ಏನಾದ್ರೂ ರೂಲ್ ಇದ್ಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಡೆರಿಕ್ ಯೋಚಿಸಿದರು. ರಸ್ತೆಗೆ ಯಾವ ರೂಲೂ ಇರಲಿಲ್ಲ. ಹನಿ ಬೀಳುತ್ತಿತ್ತು. ಮೊದಲು ಮುರಳಿ ಹೋದ, ಹಿಂದೆ ಬೆಳಗಾವಿಯ ಇಬ್ಬರು, ಅವರ ಹೆಂಡಂದಿರು, ಕೊನೆಗೆ ಗಿರಿಜಕ್ಕ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಮೇಲೆ ಗಂಡನ ದೊಡ್ಡ ಕೋಟು ಹಾಕಿಕೊಂಡು ಅವರು ಫುಟ್‌ಪಾತಿಗೆ ಬಂದಾಗ ಎದುರು ಮನೆಯ ಪರದೆ ಸರಿಯಿತು.

ಸೊಲಾಂಜ್ ಭಾಷಣದ ಕಾಗದ ತಂದಿದ್ದರು, ತೆಗೆಯಲಿಲ್ಲ. "ನಾನು ಬಂದಾಗಿನಿಂದ ಈ ಊರು ನನ್ನನ್ನು ಚೆನ್ನಾಗಿ ನೋಡಿಕೊಂಡಿದೆ. ಆದರೆ ಇಲ್ಲಿ ಏನಾಗಬೇಕು ಎಂದು ಯಾರೂ ನನ್ನನ್ನು ಕೇಳಲಿಲ್ಲ. ನಾನೂ ನನ್ನ ಅಭಿಪ್ರಾಯ ಹೇಳಲಿಲ್ಲ. ನೆಂಟರ ಮನೆಯಲ್ಲಿ ಇದ್ದ ಹಾಗೆ ಇದ್ದೆ, ಎಲ್ಲದಕ್ಕೂ ಚೆನ್ನಾಗಿದೆ ಎಂದುಕೊಂಡು. ಈಗ ಕೇಳಲು ಬಂದಿದ್ದೇನೆ. ಈ ಬೀದಿಯಲ್ಲಿ ಏನಾಗಬೇಕು?"

ಛತ್ರಿಗಳ ಮೇಲೆ ಮಳೆಯ ಸದ್ದು. ಮೊದಲು ಬಾಯಿ ತೆರೆದವರು ಯಾರು ಗೊತ್ತೇ, ನಮ್ಮವರು. ಬಾಗಿಲಲ್ಲೇ ನಿಂತುಕೊಂಡು, ಬೆಳಗಿನ ಬಸ್ಸಿನ ವಿಷಯ ಎತ್ತಿದರು. ಆಸ್ಪತ್ರೆಗೆ ನಡೆದು ಬರುವ ನರ್ಸುಗಳ ಕಾಲು ಒದ್ದೆಯಾಗಿಯೇ ಇಡೀ ಪಾಳಿ ಕಳೆಯುವುದನ್ನು ಹೇಳಿದರು. ಅವರ ಬಾಯಿಂದ ಇಂಗ್ಲಿಷಿನಲ್ಲಿ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೇ ಮೊದಲು. ಅಲ್ಲಿಂದ ಕಟ್ಟೆ ಒಡೆಯಿತು. ಗಿರಿಜಕ್ಕ ತಮ್ಮ ಬಿಜಾಪುರದ ಇಂಗ್ಲಿಷಿನಲ್ಲಿ ಆರಿಹೋದ ಬೀದಿದೀಪಗಳ ಬಗ್ಗೆ ಸೊಲಾಂಜ್‌ರನ್ನು ದಬಾಯಿಸಿದರು. ಎದುರು ಮನೆಯ ಮುದುಕಿ ಮನೆಯ ಚಪ್ಪಲಿಯಲ್ಲೇ ಬಂದು ಕಸದ ಡಬ್ಬಿಯ ದೂರು ಹೇಳಿದಳು. ಸೋಫಾ ಹೊರಗಿಡುವ ವಿದ್ಯಾರ್ಥಿಗಳು ಕಿಟಕಿಯಿಂದ ತಲೆ ಹೊರಹಾಕಿದರು. ಡೆರಿಕ್ ಗೇಟಿಗೆ ಒರಗಿ ಎಲ್ಲವನ್ನೂ ಬರೆದುಕೊಂಡರು.

ಮುಗಿದ ಮೇಲೆ ಸೊಲಾಂಜ್ ಎಲ್ಲರಿಗೂ ಹೊಸ ವರ್ಷದ ಶುಭಾಶಯ ಹೇಳಿ, ಪಕ್ಕದ ತಮ್ಮ ಮನೆಗೂ ಹೋಗದೆ, ಮುಂದಿನ ಬೀದಿಗೆ ಕರಪತ್ರ ಹಂಚಲು ನಡೆದರು. ಬೆಳಗಿನಿಂದ ಏನೂ ತಿಂದಿರಲಿಲ್ಲವೆಂದು ಡೆರಿಕ್ ಆಮೇಲೆ ಹೇಳಿದರು. ನಾವು ಒಳಗೆ ಬಂದು ಉಣ್ಣಲು ಕೂತೆವು. ಹೋಳಿಗೆ ಚೆನ್ನಾಗಿತ್ತು, ಆದರೆ ಯಾರೂ ಎರಡನೆಯದು ಹಾಕಿಸಿಕೊಳ್ಳಲಿಲ್ಲ. ಗಿರಿಜಕ್ಕ ಕೈ ತೊಳೆಯುತ್ತ ಹೇಳಿದರು:

"ಹಬ್ಬದ ದಿನ ಬಾಗಲಕ ಬಂದಾಕಿನ್ನ ಉಪಾಸ ಕಳಿಸಿದಿವಿ. ವೋಟರೆ ಹಾಕಬೇಕಲ್ಲ ಇನ್ನ."

ಸುತ್ತ ಕೂತವರ ಮುಖ ನೋಡಿದೆ. ಒಬ್ಬರೂ ನಗಲಿಲ್ಲ. ಊಟ ಹಾಕಿ ಮತ ಕೇಳುವುದಕ್ಕೆ ಕಾನೂನಿದೆ, ಊಟ ಹಾಕದೆ ಕಳಿಸಿದ ಸಂಕಟಕ್ಕೆ ಡೆರಿಕ್ ಬಳಿಯೂ ಕಾನೂನಿರಲಿಲ್ಲ.

ಮತದಾನದ ದಿನ ಬಿಸಿಲು ಬಿದ್ದಿತ್ತು. ಮತಗಟ್ಟೆ ನಮ್ಮ ಬೀದಿಯ ತುದಿಯ ಪ್ರೈಮರಿ ಶಾಲೆ. ಪೊಲೀಸರಿಲ್ಲ, ಸಾಲಿಲ್ಲ. ಮೇಜಿನ ಹಿಂದೆ ಕೂತಿದ್ದ ಹೆಂಗಸು ನನ್ನ ಹೆಸರು, ವಿಳಾಸ ಕೇಳಿ ಕಾಗದ ಕೊಟ್ಟಳು. ಗುರುತಿನ ಚೀಟಿ ಕೇಳಲಿಲ್ಲ. ನಾನು ಅಭ್ಯಾಸಬಲದಿಂದ ಎಡಗೈ ಮುಂದೆ ಚಾಚಿದೆ, ಅವಳು ಏನು ಬೇಕು ಎಂಬಂತೆ ನೋಡಿದಳು. ಶಾಯಿಯೂ ಇಲ್ಲ. ದಾರಕ್ಕೆ ಕಟ್ಟಿದ ಒಂದು ಮೊಂಡು ಪೆನ್ಸಿಲು. ಇಷ್ಟು ಸಡಿಲ ವ್ಯವಸ್ಥೆಯನ್ನು ನಂಬುವುದು ಹೇಗೆ ಎಂದು ನನ್ನೊಳಗಿನ ಹಳೆಯ ಅಧಿಕಾರಿ ಗೊಣಗುತ್ತಿದ್ದಳು. ಆದರೂ ಕಾಗದದ ಮೇಲೆ ಆ ಹೆಸರಿನ ಎದುರು ಗುರುತು ಹಾಕಿ, ಸರಿಯಾಗಿದೆಯೇ ಎಂದು ಎರಡು ಸಲ ನೋಡಿ, ಪೆಟ್ಟಿಗೆಗೆ ಹಾಕಿದೆ. ಹೊರಗೆ ಬಂದು ಮಕ್ಕಳ ಜಾರುಬಂಡೆಯ ಪಕ್ಕ ನಿಂತು ಅತ್ತೆ. ದುಃಖ ಏನೂ ಇರಲಿಲ್ಲ. ನನ್ನನ್ನೂ ಲೆಕ್ಕಕ್ಕೆ ತೆಗೆದುಕೊಂಡರು ಎನ್ನಿಸಿತು, ಅಷ್ಟೇ. ನಮ್ಮವರು ಪಾಳಿ ಮುಗಿಸಿ, ಕೊರಳಲ್ಲಿ ಆಸ್ಪತ್ರೆಯ ಬಿಲ್ಲೆಯನ್ನು ಹಾಗೇ ತೂಗಾಡಿಸಿಕೊಂಡು ಬಂದು ಒಳಗೆ ಹೋದರು. ಯಾರಿಗೆ ಹಾಕಿದಿರಿ ಎಂದು ನಾನು ಕೇಳಲಿಲ್ಲ.

ಎಣಿಕೆಗೆ ನಾನು ಹೋಗಲಿಲ್ಲ, ಎದೆ ಗಟ್ಟಿಯಿರಲಿಲ್ಲ. ಮರುದಿನ ಬೆಳಿಗ್ಗೆ ಸೊಲಾಂಜ್ ಬಾಗಿಲು ತಟ್ಟಿದರು. ಅದೇ ಮಳೆಯಂಗಿ, ನಿದ್ದೆಯಿಲ್ಲದ ಕಣ್ಣು.

"ನಾನು ಬೇಕಂತೆ ಅವರಿಗೆ," ಎಂದರು.

ತೀರ ಸ್ವಲ್ಪದರಲ್ಲಿ ಗೆದ್ದಿದ್ದರು. ಅಲ್ಲೇ ಮೆಟ್ಟಿಲ ಮೇಲೆ ಕೂತು, ನನ್ನ ಫೋನಿನಿಂದಲೇ ಅಕ್ಕನಿಗೆ ಕರೆ ಮಾಡಿದರು. ಫ್ರೆಂಚ್ ನನಗೆ ಬಾರದು, ಆದರೆ ರೂಮನ್ನು ಬೇರೆ ಯಾರಿಗಾದರೂ ಕೊಡು ಎನ್ನುತ್ತಿದ್ದಾರೆ ಎಂಬುದು ಚೆನ್ನಾಗಿ ಗೊತ್ತಾಯಿತು. ಗಿರಿಜಕ್ಕ ಆ ದಿನವೇ ಊಟ ಹಾಕಲು ಹೊರಟರು. ಡೆರಿಕ್ ಅದಕ್ಕೂ ಕಾಯಿಸಿದರು, ಗೆದ್ದ ಮೇಲಿನ ಊಟಕ್ಕೂ ಕಾನೂನಿದೆಯಂತೆ. ಬಸ್ಸು ಮತ್ತೆ ಬರಲು ಇನ್ನೊಂದು ಚಳಿಗಾಲ ಕಾಯಬೇಕಾಯಿತು, ಆದರೆ ಬಂತು. ನಮ್ಮವರ ಪೋಸ್ಟಿಂಗ್ ಲೀಡ್ಸಿನಲ್ಲೇ ಮುಂದುವರಿಯಿತು. ಸೊಲಾಂಜ್ ಸಂಜೆ ಹೊತ್ತು ನಡೆಯುವ ಒಂದು ಕಾಲೇಜಿನ ವಿಳಾಸ ಕೊಟ್ಟು, ಹೊಸದಾಗಿ ಬಂದವರಿಗೆ ಈ ದೇಶದ ವ್ಯವಸ್ಥೆ ಕಲಿಸಲು ಯಾರೋ ಬೇಕಂತೆ ನೋಡು ಎಂದರು. ಹಾಗೆ ನಾನು ಮತ್ತೆ ಬೋರ್ಡಿನ ಮುಂದೆ ನಿಂತೆ. ಕಿಟಕಿಯ ಬಳಿ ಕೂತು ಒಬ್ಬಳೇ ಮಾತಾಡುವ ಕಾಲ ಅಲ್ಲಿಗೆ ಮುಗಿಯಿತು.

ಮೂರು ವರ್ಷದ ಮೇಲೆ ಪಾರ್ಲಿಮೆಂಟಿನ ಚುನಾವಣೆ ಬಂತು. ಆ ಹೊತ್ತಿಗೆ ಸೊಲಾಂಜ್ ಪಕ್ಷದ ಮೇಲೆ ನನಗೆ ಸಿಟ್ಟು ಹತ್ತಿತ್ತು. ಅವರ ಅಡುಗೆಮನೆಯಲ್ಲಿ ಎಷ್ಟೋ ಸಂಜೆ ದೇಶದ ವಿಷಯಕ್ಕೆ ಜಗಳಾಡಿದ್ದೆವು, ಈ ಸಲ ನಿಮ್ಮವರಿಗೆ ಸುತರಾಂ ಹಾಕುವುದಿಲ್ಲ ಎಂದು ನಾನು ಮುಖದ ಮೇಲೆ ಹೇಳಿಯೂ ಆಗಿತ್ತು. ಆದರೂ ಮತದಾನದ ಸಂಜೆ ನನ್ನ ಜೊತೆ ಶಾಲೆಯವರೆಗೆ ನಡೆದು ಬಂದರು. ಆ ವಾರ್ಡಿನ ಕೌನ್ಸಿಲರ್ ಅವರು. ಶಾಲೆಯ ಗೇಟಿನ ಬಳಿ ಮಾತಾಡಿಸದವರಿಲ್ಲ, ಎಲ್ಲರೂ ಅವರಿಗೆ ನಮಸ್ಕಾರ ಹೇಳಿ ಒಳಗೆ ಹೋಗುತ್ತಿದ್ದರು. ಪಾರ್ಲಿಮೆಂಟಿಗೆ ವೋಟಿಲ್ಲದ ಅವರು ಮಾತ್ರ ಗೇಟಿನಲ್ಲೇ ನಿಂತರು. "ಹೋಗು, ನಾನು ಇಲ್ಲೇ ಇರುತ್ತೇನೆ," ಎಂದರು.

ಒಳಗೆ ಹೋಗಿ ಕಾಗದ ತೆಗೆದುಕೊಂಡೆ. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಸೊಲಾಂಜ್ ಜೇಬಿನಲ್ಲಿ ಕೈಯಿಟ್ಟುಕೊಂಡು, ಹೋಗುವವರನ್ನು ಬರುವವರನ್ನು ನೋಡುತ್ತ ನಿಂತಿದ್ದರು. ಎಷ್ಟೋ ಸಾವಿರ ಜನರನ್ನು ಒಳಗೆ ಕಳಿಸಿ ತಾನು ಹೊರಗುಳಿದವಳಿಗೆ ಆ ನಿಲುವು ಚೆನ್ನಾಗಿ ಗೊತ್ತು. ನಾನು ಮನಸ್ಸು ಮಾಡಿಕೊಂಡು ಬಂದಿದ್ದ ಹೆಸರು ಬೇರೆ ಇತ್ತು. ಅದನ್ನು ಬಿಟ್ಟು ಬೇರೊಂದು ಹೆಸರಿನ ಎದುರು ಗುರುತು ಹಾಕಿ, ಮಡಚಿ, ಪೆಟ್ಟಿಗೆಗೆ ಹಾಕಿ ಹೊರಬಂದೆ.

"ಯಾರಿಗೆ ಹಾಕಿದೆ ಅಂತ ಕೇಳುವುದಿಲ್ಲವಾ?" ಎಂದೆ.

"ಕೇಳುವಂತಿಲ್ಲ. ಗುಪ್ತ ಮತದಾನದ ಪಾಠ ಮಾಡಿದವಳು ನೀನು."

"ಇವತ್ತಿನದು ನನ್ನ ವೋಟಲ್ಲ, ನಿಮ್ಮದು. ನೀವು ಒಳಗೆ ಹೋಗಿದ್ದರೆ ಯಾರಿಗೆ ಹಾಕುತ್ತಿದ್ದಿರೋ ಅವರಿಗೇ ಹಾಕಿ ಬಂದೆ."

ಸೊಲಾಂಜ್‌ಗೆ ಕೋಪ ಬಂತು. ಬರಿ ತೋರಿಕೆಯ ಕೋಪವಲ್ಲ, ಮುಖ ಕೆಂಪಾಯಿತು. ವೋಟು ಅಂದರೆ ಹಬ್ಬದ ಉಡುಗೊರೆಯಾ, ಇದನ್ನೇನಾ ನೀನು ಮಕ್ಕಳಿಗೆ ಕಲಿಸಿದ್ದು, ನಿನ್ನ ತಲೆಯಲ್ಲಿ ಇದ್ದದ್ದನ್ನು ಬಿಟ್ಟು ನನ್ನದನ್ನು ಯಾಕೆ ಹಾಕಿದೆ ಎಂದು ರಸ್ತೆಯಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ ಬೈಯುತ್ತ ನಡೆದರು. ಇಂಗ್ಲಿಷ್ ಸಾಲದೆ ಫ್ರೆಂಚಿಗೂ ಇಳಿದರು. ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು.

ಹೀಗೆ ಅರ್ಧ ದಾರಿ ಬೈದರು. ಉಳಿದರ್ಧ ದಾರಿ ನನ್ನ ಕೈ ಹಿಡಿದುಕೊಂಡು, ಒಂದೂ ಮಾತಾಡದೆ ನಡೆದರು.